ಎರಡನೆಯ ಫಿಲ್ಮು

“ಗುರುಗಳೇ, ನೂರಕ್ಕೆ ತೊಂಬತ್ತೆಂಟು ಸರಿ ಬಂದ ಮೇಲೂ ಅನುಮಾನ ಪಡಬೇಕೆ?”

ಹೀಗೆ ಕೇಳಿದವಳು ಶಿಷ್ಯೆ. ಎದೆಯ ಎಕ್ಸ್-ರೇ ಚಿತ್ರವನ್ನು ನೋಡಿ ಶ್ವಾಸಕೋಶದಲ್ಲಿ ರೋಗವಿದೆಯೋ ಇಲ್ಲವೋ ಎಂದು ತಾನಾಗಿ ಹೇಳುವ ಗಣಕಯಂತ್ರವೊಂದನ್ನು ಅವಳು ನಾಲ್ಕು ವರ್ಷ ದುಡಿದು ಸಿದ್ಧಪಡಿಸಿದ್ದಳು. ನಗರದ ದೊಡ್ಡ ಆಸ್ಪತ್ರೆಯ ಹಳೆಯ ಚಿತ್ರಗಳನ್ನು ತೋರಿಸಿ ಅದಕ್ಕೆ ಕಲಿಸಿದ್ದಳು. ಇನ್ನು ಅದು ವೈದ್ಯರಿಲ್ಲದ ನಲವತ್ತು ಹಳ್ಳಿಗಳಿಗೆ ಹೋಗಬೇಕಿತ್ತು. ಅಲ್ಲಿನ ಚಿಕಿತ್ಸಾಲಯಗಳಲ್ಲಿ ಚಿತ್ರ ತೆಗೆಯುವ ಸಲಕರಣೆಯನ್ನು ಗೋಡೆಗೆ ಕೂರಿಸಿ ಆಗಿತ್ತು. ಜನ ಬಂದು ಅದರ ಮುಂದೆ ನಿಂತರೆ ಸಾಕು. ಗುರುಗಳ ಸಹಿಯೊಂದೇ ಬಾಕಿ.

ಗುರುಗಳು ಅವಳ ಪ್ರಬಂಧವನ್ನು ಕೊನೆಯ ಪುಟದವರೆಗೆ ಓದಿದರು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

“ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಾಯ್ಲರ್ ಮಾಡುವ ಕಾರ್ಖಾನೆಯಿತ್ತು. ಅಲ್ಲೊಂದು ಪದ್ಧತಿ ನಡೆದು ಬಂದಿತ್ತು. ಹೊಸ ಬಾಯ್ಲರಿನಲ್ಲಿ ಮೊದಲ ಸಲ ಉಗಿ ಏಳಿಸುವ ದಿನ, ಅದಕ್ಕೆ ಬೆಸುಗೆ ಹಾಕಿದ ವೆಲ್ಡರ್ ಅದರ ಪಕ್ಕದಲ್ಲೇ ನಿಂತಿರಬೇಕು. ಕೊಂಡವರಿಗೆ ಧೈರ್ಯ ಬರಲಿ ಎಂದು ಯಾವ ಕಾಲದಲ್ಲೋ ಯಾರೋ ಮಾಡಿದ ಕಟ್ಟಳೆ. ಯಾರೂ ಅದನ್ನು ಮುರಿದಿರಲಿಲ್ಲ.

ಹೊರಗಿನಿಂದ ನೋಡಿದರೆ ಎಲ್ಲ ಬೆಸುಗೆಯೂ ಒಂದೇ. ಒಳಗೆ ಬಿರುಕಿದ್ದರೆ ಬರಿಗಣ್ಣಿಗೆ ಕಾಣದು. ಅದಕ್ಕಾಗಿ ಪ್ರತಿಯೊಂದು ಬೆಸುಗೆಯನ್ನೂ ಎಕ್ಸ್-ರೇ ಫಿಲ್ಮಿನಲ್ಲಿ ಹಿಡಿದು ಒಬ್ಬ ಪರೀಕ್ಷಕಿಯ ಮೇಜಿಗೆ ಕಳಿಸುತ್ತಿದ್ದರು. ಆಕೆ ಮೂವತ್ತೊಂದು ವರ್ಷದಿಂದ ಅದೇ ಮೇಜಿನಲ್ಲಿದ್ದವಳು. ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲೆ ಹರಡಿ ನೋಡುತ್ತಿದ್ದಳು. ಬೆಸುಗೆ ಒಳ್ಳೆಯದಾದರೆ ಪುಸ್ತಕದಲ್ಲಿ ಒಂದು ಸೊನ್ನೆ ಹಾಕುತ್ತಿದ್ದಳು. ಕೆಟ್ಟದ್ದಾದರೆ ಒಂದು ಗೆರೆ. ಗೆರೆ ಬಿದ್ದ ಬೆಸುಗೆಯನ್ನು ಕೆತ್ತಿ ತೆಗೆದು ಹೊಸದಾಗಿ ಬೆಸೆಯಬೇಕಿತ್ತು.

ಸೊನ್ನೆಯೋ ಗೆರೆಯೋ ಎಂದು ಮನಸ್ಸು ಒಪ್ಪದಿದ್ದರೆ ಆಕೆ ಎರಡನ್ನೂ ಹಾಕುತ್ತಿರಲಿಲ್ಲ. “ಇನ್ನೊಂದು ತೆಗೆಸಿ” ಎನ್ನುತ್ತಿದ್ದಳು. ಅಷ್ಟೇ ಮಾತು. ಆಗ ಅದೇ ಬೆಸುಗೆಗೆ ಮೊದಲಿಗಿಂತ ಎರಡರಷ್ಟು ಹೊತ್ತು ಕಿರಣ ಬಿಟ್ಟು ಎರಡನೆಯ ಫಿಲ್ಮು ತೆಗೆಯುತ್ತಿದ್ದರು. ಅದು ಮೊದಲಿನದಕ್ಕಿಂತ ಕಪ್ಪಗಿರುತ್ತಿತ್ತು. ಅದನ್ನು ನೋಡಿ ಆಕೆ ತೀರ್ಮಾನ ಬರೆಯುತ್ತಿದ್ದಳು. ದಾಖಲೆ ಕೋಣೆಯಲ್ಲಿ ಜಾಗ ಕಡಿಮೆ, ಒಂದು ಬೆಸುಗೆಗೆ ಒಂದೇ ಫಿಲ್ಮು ಇಡುವುದು ನಿಯಮ. ಎರಡನೆಯದು ಬಂದ ಕೂಡಲೇ ಮೊದಲಿನದು ಬುಟ್ಟಿಗೆ ಬೀಳುತ್ತಿತ್ತು. ಹಳೆಯ ಫಿಲ್ಮು ತೊಳೆದು ಬೆಳ್ಳಿ ತೆಗೆಯುವವನೊಬ್ಬ ತಿಂಗಳಿಗೊಮ್ಮೆ ಬಂದು ಬುಟ್ಟಿಯನ್ನು ಬರಿದು ಮಾಡಿಕೊಂಡು ಹೋಗುತ್ತಿದ್ದ.

ಆ ಊರಿನಲ್ಲಿ ಒಬ್ಬ ಸಂಶೋಧಕನಿದ್ದ. ಅವನ ಅಣ್ಣ ಆ ಕಾರ್ಖಾನೆಯಲ್ಲಿ ವೆಲ್ಡರ್. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು, ಕಿಡಿಯ ಮುಂದೆ ಕೂತು, ತಮ್ಮನನ್ನು ಓದಿಸಿದವನು ಆ ಅಣ್ಣ. ಅಣ್ಣ ಮೊದಲ ಉಗಿಗೆ ನಿಲ್ಲಲು ಹೋದ ದಿನವೆಲ್ಲ ಸಂಶೋಧಕನಿಗೆ ಅನ್ನ ಇಳಿಯುತ್ತಿರಲಿಲ್ಲ. ಸಂಜೆ ಬಾಗಿಲಲ್ಲಿ ಅಣ್ಣನ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ಅವನು ತಟ್ಟೆ ಇಟ್ಟುಕೊಳ್ಳುತ್ತಿದ್ದ.

ಪರೀಕ್ಷಕಿಗೆ ವಯಸ್ಸಾಗುತ್ತಿತ್ತು. ಮುಂದಿನ ವರ್ಷ ಆಕೆ ನಿವೃತ್ತಳಾಗುವವಳು. ಆಕೆಯ ಕಣ್ಣು ಹೋದ ಮೇಲೆ ಅಣ್ಣನನ್ನು ಕಾಯುವವರು ಯಾರು ಎಂದು ಅವನು ಯೋಚಿಸಿದ. ದಣಿಯದ, ಮರೆಯದ, ವಯಸ್ಸಾಗದ ಕಣ್ಣೊಂದನ್ನು ಮಾಡುತ್ತೇನೆ ಎಂದುಕೊಂಡ. ಕಾರ್ಖಾನೆಯ ಯಜಮಾನನ ಒಪ್ಪಿಗೆ ಪಡೆದು ದಾಖಲೆ ಕೋಣೆಯಿಂದ ಹನ್ನೆರಡು ಸಾವಿರ ಫಿಲ್ಮುಗಳನ್ನೂ ಪರೀಕ್ಷಕಿಯ ಪುಸ್ತಕಗಳನ್ನೂ ತಂದ. ಯಾವ ಫಿಲ್ಮಿಗೆ ಸೊನ್ನೆ, ಯಾವುದಕ್ಕೆ ಗೆರೆ ಎಂದು ಒಂದೊಂದನ್ನೇ ತನ್ನ ಯಂತ್ರಕ್ಕೆ ತೋರಿಸಿದ. ಯಂತ್ರ ಕಲಿಯಿತು.

ಪರೀಕ್ಷಕಿ ಒಂದು ದಿನ ಬಂದು ನೋಡಿದಳು. ಕಪಾಟಿನ ತುಂಬ ತನ್ನ ಫಿಲ್ಮುಗಳಿದ್ದವು.

“ಎಲ್ಲ ತಂದುಬಿಟ್ಟೆಯಲ್ಲಪ್ಪಾ. ಬುಟ್ಟಿಯವು ಎಲ್ಲಿ?”

“ಬುಟ್ಟಿಗೆ ಹಾಕಿದ್ದನ್ನು ತಂದು ಏನು ಮಾಡಲಿ ಅಮ್ಮಾ? ಅವು ನಿಮಗೇ ಬೇಡವಾದವು.”

“ಬೇಡವಾದವಲ್ಲ, ಸಾಲದೆ ಹೋದವು” ಎಂದಳು ಆಕೆ. “ನಾನು ನೋಡಿ ಸೋತದ್ದೆಲ್ಲ ಅದರಲ್ಲೇ ಇತ್ತು. ನಿನ್ನ ಯಂತ್ರಕ್ಕೆ ಸೋತು ಗೊತ್ತಿದೆಯಾ?”

ಅವನು ನಕ್ಕ. ಕೆಲಸ ಕೈಬಿಟ್ಟು ಹೋಗುವ ಮುದುಕಿಯ ಸಂಕಟ ಎಂದು ತಿಳಿದ. ಆಕೆಗೆ ಕಾಫಿ ತರಿಸಿಕೊಟ್ಟ.

ಯಂತ್ರದ ಪರೀಕ್ಷೆ ನಡೆಯಿತು. ಅದು ಹಿಂದೆಂದೂ ಕಾಣದ ನೂರು ಫಿಲ್ಮುಗಳನ್ನು ದಾಖಲೆ ಕೋಣೆಯಲ್ಲಿ ಉಳಿದವುಗಳಿಂದ ತೆಗೆದು ಮುಂದಿಟ್ಟರು. ತೊಂಬತ್ತಾರರಲ್ಲಿ ಯಂತ್ರ ಪರೀಕ್ಷಕಿ ಹೇಳಿದ್ದನ್ನೇ ಹೇಳಿತು. ನಾಲ್ಕರಲ್ಲಿ ತಪ್ಪಿತು. ಆ ನಾಲ್ಕೂ ಒಂದೇ ತರಹದ ತಪ್ಪು. ಒಳ್ಳೆಯ ಬೆಸುಗೆಯನ್ನು ಅದು ಕೆಟ್ಟದ್ದು ಎಂದಿತ್ತು. ಕೆಟ್ಟದ್ದನ್ನು ಒಳ್ಳೆಯದು ಎಂದು ಒಮ್ಮೆಯೂ ಹೇಳಿರಲಿಲ್ಲ.

“ತಪ್ಪಿದರೂ ಜಾಗ್ರತೆಯ ಕಡೆಗೇ ತಪ್ಪುತ್ತದೆ” ಎಂದು ಸಂಶೋಧಕ ಯಜಮಾನನಿಗೆ ಹೇಳಿದ. ಹಾಗೆ ಹೇಳುವಾಗ ಅವನಿಗೆ ಹೆಮ್ಮೆಯಿತ್ತು. ನಾಲ್ಕು ತಪ್ಪುಗಳೂ ಒಂದೇ ದಿಕ್ಕಿಗೆ ಏಕೆ ಬಾಗಿದವು ಎಂದು ಅವನು ಕೇಳಿಕೊಳ್ಳಲಿಲ್ಲ. ಆ ನಾಲ್ಕು ಫಿಲ್ಮುಗಳನ್ನು ಮತ್ತೊಮ್ಮೆ ಕೈಯಲ್ಲಿ ಹಿಡಿದು ನೋಡಲೂ ಇಲ್ಲ.

ಪರೀಕ್ಷಕಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಅವಳ ಮೇಜಿನ ಮೇಲೆ ಯಂತ್ರ ಬಂದು ಕೂತಿತು. ಯಂತ್ರ ಎಂದೂ “ಇನ್ನೊಂದು ತೆಗೆಸಿ” ಎನ್ನಲಿಲ್ಲ. ಹಾಗಾಗಿ ಯಾರೂ ಇನ್ನೊಂದು ತೆಗೆಯಲಿಲ್ಲ. ಒಂದು ಬೆಸುಗೆಗೆ ಒಂದೇ ಫಿಲ್ಮು. ಕೆಲಸ ಬೇಗ ಸಾಗಿತು.

ಎಂಟು ತಿಂಗಳು ಕಳೆದವು. ಆ ಎಂಟು ತಿಂಗಳಲ್ಲಿ ಯಂತ್ರ ಒಂದು ಬೆಸುಗೆಯನ್ನೂ ಕೆಟ್ಟದ್ದು ಎನ್ನಲಿಲ್ಲ. ಪರೀಕ್ಷಕಿಯ ಕಾಲದಲ್ಲಿ ನೂರಕ್ಕೆ ಐದಾರು ಗೆರೆ ಬೀಳುತ್ತಿದ್ದವು. ಸಂಶೋಧಕ ಪುಸ್ತಕ ತಿರುವಿ ನೋಡಿದ. ಸೊನ್ನೆಯ ಕೆಳಗೆ ಸೊನ್ನೆ, ಪುಟದ ಕೊನೆಯವರೆಗೂ. ಅವನ ಮನಸ್ಸು ಸ್ವಲ್ಪ ಅಲುಗಾಡಿತು. ಊಟಕ್ಕೆ ಕೂತಾಗ ಅಣ್ಣನ ಹತ್ತಿರ ಮಾತು ತೆಗೆದ.

“ಅಣ್ಣಾ, ಈಗ ನಿಮ್ಮ ಕೆಲಸದಲ್ಲಿ ಒಂದೂ ಕೆಡುತ್ತಿಲ್ಲವಲ್ಲ. ಮೊದಲು ಕೆಡುತ್ತಿತ್ತು.”

ಅಣ್ಣ ತುತ್ತು ನಿಲ್ಲಿಸಿ ಅವನನ್ನು ನೋಡಿದ. “ಏನೋ ಹಾಗಂದರೆ? ಇಪ್ಪತ್ತೆರಡು ವರ್ಷ ಆಯಿತು ಕಣೋ ನಾನು ಬೆಸುಗೆಯ ಹೋಲ್ಡರ್ ಹಿಡಿದು. ಕೈ ಪಳಗಬಾರದಾ? ಆ ಅಮ್ಮನಿಗೆ ನನ್ನ ಬೆಸುಗೆ ಎಂದೂ ಪೂರಾ ಹಿಡಿಸಲಿಲ್ಲ. ನಿನ್ನ ಯಂತ್ರಕ್ಕಾದರೂ ಹಿಡಿಸಿತು ಅಂತ ಸಂತೋಷಪಟ್ಟಿದ್ದೆ. ಈಗ ನಿನಗೇ ಹಿಡಿಸಲಿಲ್ಲವಾ?”

ಅತ್ತಿಗೆ ಬಗ್ಗಿ ಸಾರು ಬಡಿಸಿದಳು. ತಮ್ಮ ತಲೆ ತಗ್ಗಿಸಿ ಉಂಡ. ಯಂತ್ರವನ್ನು ಅನುಮಾನಿಸಬೇಕಾದರೆ ಅಣ್ಣನ ಕೈಯನ್ನು ಅನುಮಾನಿಸಬೇಕಿತ್ತು. ಆ ಕೈ ತನಗೆ ಅಕ್ಷರ ಕೊಡಿಸಿದ ಕೈ. ಅವನು ಪುಸ್ತಕವನ್ನು ಮತ್ತೆ ತೆರೆಯಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಅಣ್ಣ ಬೆಸೆದ ದೊಡ್ಡ ಬಾಯ್ಲರೊಂದು ಪಕ್ಕದ ಜಿಲ್ಲೆಯ ಗಿರಣಿಗೆ ಹೋಯಿತು. ತಣ್ಣೀರು ತುಂಬಿ ಒತ್ತಡ ಹಾಕಿ ನೋಡಿದರು. ತಡೆಯಿತು. ಬೆಂಕಿ ಹಾಕಿದರು. ಪದ್ಧತಿಯಂತೆ ಅಣ್ಣ ಪಕ್ಕದಲ್ಲಿ ನಿಂತ. ಆ ದಿನ ಸಂಶೋಧಕ ಬೆಳಗ್ಗೆಯೇ ಹೊಟ್ಟೆ ತುಂಬ ಉಂಡಿದ್ದ. ಎಷ್ಟೋ ವರ್ಷಗಳಲ್ಲಿ ಅದೇ ಮೊದಲ ಸಲ ಅವನಿಗೆ ಭಯವಿರಲಿಲ್ಲ.

ತಣ್ಣೀರಿಗೆ ತಡೆದ ಬೆಸುಗೆ ಬಿಸಿಗೆ ತಡೆಯಲಿಲ್ಲ. ಉದ್ದಕ್ಕೆ ಸೀಳಿತು. ಅಣ್ಣನೂ ಗಿರಣಿಯ ಇಬ್ಬರು ಆಳುಗಳೂ ನಿಂತಲ್ಲೇ ಬೆಂದು ಸತ್ತರು. ಅಣ್ಣನನ್ನು ಮನೆಗೆ ತಂದಾಗ ಸುತ್ತಿದ್ದ ಬಟ್ಟೆ ಬಿಚ್ಚಬೇಡಿರೆಂದು ತಂದವರೇ ಹೇಳಿದರು. ಅತ್ತಿಗೆ ಪಾದ ಮಾತ್ರ ಮುಟ್ಟಿ ನೋಡಿದಳು.

ಹದಿಮೂರು ದಿನ ಕಳೆದ ಮೇಲೆ ಸಂಶೋಧಕ ಆ ಬೆಸುಗೆಯ ಫಿಲ್ಮನ್ನು ಹುಡುಕಿ ತೆಗೆದ. ಯಂತ್ರಕ್ಕೆ ತೋರಿಸಿದ. ಒಳ್ಳೆಯದು ಎಂದಿತು. ಮತ್ತೆ ತೋರಿಸಿದ. ಒಳ್ಳೆಯದು ಎಂದಿತು. ಅವನು ಫಿಲ್ಮನ್ನು ಲಕೋಟೆಗೆ ಹಾಕಿಕೊಂಡು ಪರೀಕ್ಷಕಿಯ ಮನೆಗೆ ನಡೆದ.

ಆಕೆ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಯಾವ ಬೆಸುಗೆಯದೆಂದು ಅವನು ಹೇಳಲಿಲ್ಲ. ಆಕೆ ಕೈ ಒರೆಸಿಕೊಂಡು ಫಿಲ್ಮನ್ನು ಆಕಾಶಕ್ಕೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಲಿಲ್ಲ.

“ಇನ್ನೊಂದು ತೆಗೆಸು” ಎಂದಳು.

“ಏಕೆ ಅಮ್ಮಾ?”

“ಇಲ್ಲಿ ಕೂದಲೆಳೆಯಂಥ ನೆರಳಿದೆ. ಇರಬಹುದು, ಇಲ್ಲದಿರಬಹುದು. ಎರಡರಷ್ಟು ಹೊತ್ತು ಕಿರಣ ಬಿಡಬೇಕು. ಫಿಲ್ಮು ಕಪ್ಪಾಗುತ್ತದೆ, ಆದರೆ ಇದ್ದದ್ದು ಕಾಣುತ್ತದೆ.”

“ನಿಮಗೆ ಅನುಮಾನ ಬಂದಾಗಲೆಲ್ಲ ಹೀಗೆಯೇ ಮಾಡಿಸುತ್ತಿದ್ದಿರಾ?”

“ಮತ್ತೆ? ಅನುಮಾನ ಬಾರದೆ, ಎರಡನೆಯದನ್ನು ನೋಡದೆ, ನಾನು ಯಾವತ್ತಾದರೂ ಗೆರೆ ಎಳೆದಿದ್ದೇನಾ?”

ಅವನು ಕಾರ್ಖಾನೆಗೆ ಮರಳಿದ. ಕಿರಣದ ಕೋಣೆಯವನಿಗೆ ಹೇಳಿ, ಯಾವ ದೋಷವೂ ಇಲ್ಲದ ಹೊಸ ಬೆಸುಗೆಯೊಂದಕ್ಕೆ ಎರಡರಷ್ಟು ಹೊತ್ತು ಕಿರಣ ಬಿಡಿಸಿದ. ಕಪ್ಪು ಫಿಲ್ಮು ಬಂತು. ಯಂತ್ರದ ಮುಂದಿಟ್ಟ. ಕೆಟ್ಟದ್ದು ಎಂದಿತು. ಪರೀಕ್ಷೆಯ ದಿನ ಯಂತ್ರ ತಪ್ಪಿದ್ದ ನಾಲ್ಕು ಫಿಲ್ಮುಗಳನ್ನು ಕಪಾಟಿನಿಂದ ತೆಗೆದು ಕಿಟಕಿಗೆ ಹಿಡಿದ. ನಾಲ್ಕೂ ಕಪ್ಪಗಿದ್ದವು. ಆಕೆ ಅನುಮಾನಪಟ್ಟು, ಎರಡನೆಯ ಸಲ ತೆಗೆಸಿ, ಒಳ್ಳೆಯದೆಂದು ಒಪ್ಪಿಕೊಂಡ ಬೆಸುಗೆಗಳು ಅವು.

ದಾಖಲೆ ಕೋಣೆಯಲ್ಲಿದ್ದ ಕೆಟ್ಟ ಬೆಸುಗೆಗಳ ಫಿಲ್ಮುಗಳೆಲ್ಲ ಕಪ್ಪು. ಒಳ್ಳೆಯವುಗಳಲ್ಲಿ ಹೆಚ್ಚಿನವು ತಿಳಿ ಬಣ್ಣದವು. ಯಂತ್ರ ಬಿರುಕನ್ನು ಒಂದು ದಿನವೂ ನೋಡಿರಲಿಲ್ಲ. ಕಪ್ಪನ್ನು ನೋಡಿ, ಒಬ್ಬ ಹೆಂಗಸಿಗೆ ಎಲ್ಲೆಲ್ಲಿ ಅನುಮಾನ ಬಂದಿತ್ತು ಎಂಬುದನ್ನಷ್ಟೇ ಅದು ಕಲಿತಿತ್ತು. ಅವಳನ್ನು ಮನೆಗೆ ಕಳಿಸಿದ ದಿನವೇ ಅನುಮಾನ ನಿಂತಿತು. ಫಿಲ್ಮುಗಳು ತಿಳಿಯಾದವು. ಅಂದಿನಿಂದ ಯಂತ್ರಕ್ಕೆ ಹೇಳಲು ಒಳ್ಳೆಯದು ಎಂಬ ಮಾತೊಂದೇ ಉಳಿಯಿತು.

ಅವನು ಬುಟ್ಟಿಯನ್ನು ನೋಡಲು ಹೋದ. ಬೆಳ್ಳಿ ತೆಗೆಯುವವನು ಮೂವತ್ತೊಂದು ವರ್ಷದ ಫಿಲ್ಮುಗಳನ್ನೂ ಎಂದೋ ತೊಳೆದು ಮುಗಿಸಿದ್ದ.

ಯಂತ್ರ ಬಂದ ಮೇಲೆ ಕಾರ್ಖಾನೆಯಿಂದ ಐವತ್ತಮೂರು ಬಾಯ್ಲರುಗಳು ಹೊರಟಿದ್ದವು. ಸಂಶೋಧಕ ಆ ಊರುಗಳ ಹೆಸರು ಬರೆದುಕೊಂಡು, ಒಂದೊಂದು ಊರಿಗೂ ಹೋಗಿ ಬೆಂಕಿ ಆರಿಸಿರಿ ಎಂದು ಬೇಡಿಕೊಂಡ. ಕೆಲವರು ಆರಿಸಿದರು. ಕೆಲವರು, ನಿಮ್ಮದೇ ಯಂತ್ರ ಒಳ್ಳೆಯದು ಎಂದಿದೆಯಲ್ಲ ಸ್ವಾಮಿ ಎಂದು ಅವನದೇ ಪ್ರಮಾಣಪತ್ರವನ್ನು ಅವನಿಗೆ ಓದಿ ಹೇಳಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಮೇಜಿನ ಮೇಲಿದ್ದ ತನ್ನ ಪ್ರಬಂಧದ ಪುಟಗಳನ್ನು ತಿರುವಿದಳು. ಆಮೇಲೆ ಅವಳ ಮುಖ ತಿಳಿಯಾಯಿತು.

“ಆ ತಪ್ಪು ನನ್ನದರಲ್ಲಿ ಆಗುವುದಿಲ್ಲ ಗುರುಗಳೇ. ಯಂತ್ರಕ್ಕೆ ತೋರಿಸುವ ಮೊದಲೇ ನಾನು ಎಲ್ಲ ಚಿತ್ರಗಳ ಕಪ್ಪನ್ನೂ ಒಂದೇ ಮಟ್ಟಕ್ಕೆ ತಂದಿದ್ದೇನೆ. ಏಳನೆಯ ಪುಟದಲ್ಲಿ ಬರೆದಿದ್ದೇನೆ.”

“ಓದಿದೆ” ಎಂದರು ಗುರುಗಳು. ಪ್ರಬಂಧವನ್ನು ಮುಚ್ಚಿ ಅವಳ ಕಡೆಗೆ ಸರಿಸಿ ಕೇಳಿದರು:

“ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಚಿತ್ರ ತೆಗೆದಾಗ ಅವರು ಎದ್ದು ನಿಂತಿದ್ದರೋ, ಮಂಚದ ಮೇಲೆ ಮಲಗಿದ್ದರೋ?”

“ಎದ್ದು ನಿಲ್ಲಲಾಗದ ರೋಗಿಗಳನ್ನು ಮಲಗಿಸಿಯೇ ತೆಗೆದಿದ್ದರು; ಹಳ್ಳಿಯಲ್ಲಿ ಎಲ್ಲರೂ ನಿಲ್ಲುತ್ತಾರೆ” ಎನ್ನುತ್ತ ಶಿಷ್ಯೆ ಪ್ರಬಂಧವನ್ನು ಚೀಲಕ್ಕೆ ಹಾಕಿಕೊಂಡಳು.