ಗಿಳಿಮರಿಯ ನೀಲಿ ಸೈಕಲ್ಲು

ಫಾರಿನ್ನಲ್ಲಿ ಸೈಕಲ್ ಮೇಲೆ ಊಟ ತಲುಪಿಸೋ ಕೆಲಸ ಒಂದೇ ಒಂದು ಖಾಲಿ ಇತ್ತು. ಇಂಗ್ಲಿಷ್ ಮಾತಿನ ಪರೀಕ್ಷೇಲಿ ಗೆದ್ದವರಿಗೆ ಅದು. ಒಂದು ಹಳೇ ಸೈಕಲ್ಲು, ಕೋಚಿಂಗ್ ಮುಗಿಸಿದ ಒಂದು ಗಿಳಿ, ಇಬ್ಬರೂ ಹೋದ್ರು.

"ಸೈಕಲ್ ಬಗ್ಗೆ ಹೇಳಪ್ಪ," ಅಂದ್ರು ಗೂಬೆ ಮೇಷ್ಟ್ರು.

ಸೈಕಲ್ಲು ಸಲೀಸಾಗಿ ಇಂಗ್ಲಿಷ್‌ನಲ್ಲೇ ಹೇಳ್ತು: "ದಿಬ್ಬ ಹತ್ತುವಾಗ ಚೈನ್ ಬೀಳುತ್ತೆ ಸಾರ್. ಮಳೇಲಿ ಬ್ರೇಕ್ ಹಿಡಿಯಲ್ಲ."

"ಪರಿಸರದ ಬಗ್ಗೆ ಒಂದ್ ಮಾತೂ ಇಲ್ವಲ್ಲೋ. ಫೇಲು."

ಗಿಳಿ ಗೈಡಲ್ಲಿದ್ದದ್ದನ್ನ ಒಪ್ಪಿಸ್ತು: "ನನ್ನ ಹತ್ತನೇ ಹುಟ್ಟುಹಬ್ಬಕ್ಕೆ ಮಾವ ನೀಲಿ ಸೈಕಲ್ ಕೊಡಿಸಿದ್ರು. ಅದರಿಂದ ಪರಿಸರ ಉಳಿಯುತ್ತೆ." ಗಿಳಿಗೆ ಇನ್ನೂ ಮೂರೇ ವರ್ಷ. ಗೂಬೆ ಫುಲ್ ಮಾರ್ಕ್ಸ್ ಕೊಟ್ರು.

ಹೊರಗೆ ಬಂದ ಗಿಳಿ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂತು ಮೆಲ್ಲಗೆ ಕೇಳ್ತು: "ಅಣ್ಣಾ, ನಾಡಿದ್ದು ಡ್ಯೂಟಿ. ಪೆಡ್ಲು ಅಂತಾರಲ್ಲ, ಎಲ್ಲಿರುತ್ತೆ ಸ್ವಲ್ಪ ತೋರ್ಸು."