ಮೋಡ ತುಂಬಿಕೊಂಡ ಬಕೆಟ್ಟು

ಚಂಪಕ್ಕನ ಬಚ್ಚಲಿಗೆ ನೀರುಳಿಸುವ ಕರೆಂಟಿನ ಕಮೋಡು ಬಂದು ಕೂತಿತು. ಗುಂಡಿ ಒತ್ತಿದರೆ ಒಂದು ಚೊಂಬು ನೀರಿನಲ್ಲೇ ಎಲ್ಲ ಸ್ವಚ್ಛ. ಆದರೂ ಚಂಪಕ್ಕನಿಗೆ ಸಮಾಧಾನವಿಲ್ಲ. ಮೇಲೊಂದು ಬಕೆಟ್ಟು ನೀರು ಸುರಿದೇ ಹೊರಬರುತ್ತಿದ್ದಳು.

"ನೋಡಿದೆಯಾ, ನಾನಿಲ್ಲದೆ ನಡೆಯುವುದಿಲ್ಲ," ಎಂದು ಬಕೆಟ್ಟು ಬೀಗಿತು. ಒಳಗೊಳಗೇ ಅದಕ್ಕೆ ಅಟ್ಟ ಸೇರುವ ಭಯ.

"ಅಣ್ಣಾ, ತುಂಬಿದ ಮೇಲೆ ಒಂದು ಗಳಿಗೆಯಾದರೂ ಸುಮ್ಮನೆ ನಿಂತಿದ್ದೀಯಾ?" ಎಂದು ಕಮೋಡು ಕೇಳಿತು.

"ಅದೇನು ಮಹಾ!" ಎಂದು ತುಂಬಿದ್ದ ಬಕೆಟ್ಟು ಅಲುಗದೆ ನಿಂತಿತು. ನೀರು ತಿಳಿಯಾಯಿತು. ಬೆಳಕಿಂಡಿಯಾಚೆಯ ಮೋಡವೊಂದು ಮೆಲ್ಲಗೆ ಅದರೊಳಗಿಳಿದು ತೇಲತೊಡಗಿತು.

ಎಂದಿನಂತೆ ಬಕೆಟ್ಟೆತ್ತಲು ಬಾಗಿದ ಚಂಪಕ್ಕನಿಗೆ ಆ ಮೋಡ ಕಂಡು ಸುರಿಯಲು ಕೈ ಬರಲಿಲ್ಲ. "ಅಯ್ಯೋ, ಇಂಥ ನೀರನ್ನ ಇಲ್ಲಿ ಚೆಲ್ಲೋದಾ!" ಎಂದು ಹಿತ್ತಿಲಿಗೆ ಒಯ್ದು ಮಲ್ಲಿಗೆಯ ಬುಡಕ್ಕೆ ಹೊಯ್ದಳು.

ಬಕೆಟ್ಟು ಖಾಲಿಯಾಗಿಯೇ ಮರಳಿತು. ಅದರ ಅಂಚಿಗೊಂದು ಮಲ್ಲಿಗೆ ಎಸಳು ಅಂಟಿತ್ತು. ಅಟ್ಟದ ಭಯ ಎಲ್ಲಿ ಬಿದ್ದುಹೋಯಿತೋ ಅದಕ್ಕೇ ಗೊತ್ತಾಗಲಿಲ್ಲ.