ಬೈದವರ ಬಟ್ಟಲು

ನೇರಳೆದುರ್ಗದ ದೊರೆ ಜಂಪಣ್ಣನಾಯಕನಿಗೆ ಒಂದು ಜಂಬವಿತ್ತು. ಬೇರೆ ದೊರೆಗಳು ಕೋಟೆ ಕಟ್ಟಿಸಿಕೊಂಡು ಬದುಕುತ್ತಾರೆ, ತಾನು ಬೈಸಿಕೊಂಡೇ ಬದುಕುತ್ತೇನೆ ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಗಳಿಗೆ ಬಟ್ಟಲು ಕಾಯುವ ಸಂಗರಸ ಮಾತ್ರ ನಗುತ್ತಿರಲಿಲ್ಲ, ಯಾಕೆಂದರೆ ಆ ಮಾತು ನಿಜ ಎಂದು ಅವನಿಗೆ ಗೊತ್ತಿತ್ತು.

ಅರಮನೆಯ ಮುಂದೆ ದೂರಿನ ಕಟ್ಟೆ ಅಂತ ಒಂದಿತ್ತು. ದೊರೆಯ ಅಜ್ಜ ಕಟ್ಟಿಸಿದ್ದು. ವರ್ಷಕ್ಕೊಂದು ದಿನ ಪ್ರಜೆಗಳ ಪರವಾಗಿ ಒಬ್ಬ ಅದನ್ನು ಹತ್ತಿ ದೊರೆಯೆದುರು ಏನು ಬೇಕಾದರೂ ಮಾತಾಡಬಹುದು, ಶಿಕ್ಷೆಯಿಲ್ಲ. ಹೊತ್ತಿಗೆ ಲೆಕ್ಕವಾಗಿ ಸಂಗರಸ ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡುತ್ತಿದ್ದ. ಅದು ತುಂಬಿ ಮುಳುಗಿದರೆ ಮಾತು ಮುಗಿಯಿತು. ಕಟ್ಟೆಯ ಕಲ್ಲಿನಲ್ಲಿ ಇನ್ನೊಂದು ಸಾಲೂ ಇತ್ತು: ಕೇಳಿದ್ದಕ್ಕೆ ಬಟ್ಟಲು ಮುಳುಗುವುದರೊಳಗೆ ದೊರೆ ಉತ್ತರ ಕೊಡಬೇಕು, ಕೊಡದಿದ್ದರೆ ಕೇಳಿದ್ದು ನಡೆಯಬೇಕು. ಆ ಸಾಲಿಗೆ ಪಾಚಿ ಹಿಡಿದಿತ್ತು.

ಏಳು ವರ್ಷದಿಂದ ಕಟ್ಟೆ ಹತ್ತುತ್ತಿದ್ದವನು ಕೆಳಗೇರಿಯ ಬೆಂಕಿನಾಲಿಗೆ ಕಾಟಯ್ಯ. ಕೆಳಗೇರಿಯವರ ಸಂಕಟ ಸಣ್ಣದಲ್ಲ. ದೊರೆ ಹಂಸದ ಆಕಾರದ ದೋಣಿಯೊಂದನ್ನು ಮಾಡಿಸಿ, ಅದು ತೇಲಲಿ ಅಂತ ಕೆರೆಯ ತೂಬು ಮುಚ್ಚಿಸಿ ನೀರನ್ನೆಲ್ಲ ಅರಮನೆಯ ಕೊಳಕ್ಕೆ ತಿರುಗಿಸಿದ್ದ. ಕೆಳಗಿನ ಗದ್ದೆಗಳು ಬೀಳುಬಿದ್ದವು. ಸಂಗರಸನ ತಂಗಿಯ ಮನೆಯೂ ಅಲ್ಲೇ. ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದವಳು ಈಗ, ಮೇವಿಲ್ಲದೆ ಎಮ್ಮೆ ಕೊಟ್ಟುಬಿಟ್ಟೆ ಅಣ್ಣ ಎಂದು ಬರಿಗೈಯಲ್ಲಿ ನಿಲ್ಲುತ್ತಿದ್ದಳು. ಆ ಬರಿಗೈ ಸಂಗರಸನ ಕಣ್ಣಿಗೆ ಕಟ್ಟಿತ್ತು.

ಆದರೆ ಕಾಟಯ್ಯ ಕಟ್ಟೆ ಹತ್ತಿ ಮಾಡುತ್ತಿದ್ದುದೇನು? ದೊರೆಯ ಮೂಗಿನಿಂದ ಶುರುಮಾಡಿ ಏಳು ತಲೆಮಾರಿನವರೆಗೆ ಜಾಲಾಡುತ್ತಿದ್ದ. ಜನ ಚಪ್ಪಾಳೆ ತಟ್ಟಿ, ಇನ್ನೊಂದು ಹಾಕು ಕಾಟಯ್ಯ ಎಂದು ಹುರಿದುಂಬಿಸುತ್ತಿದ್ದರು. ಅಷ್ಟರಲ್ಲಿ ಬಟ್ಟಲು ಮುಳುಗುತ್ತಿತ್ತು. ದೊರೆ ಕಣ್ಣೊರೆಸಿಕೊಂಡು, ಬೈದರೂ ನನ್ನ ಮಕ್ಕಳೇ ಅಲ್ಲವೇ ಎನ್ನುತ್ತಿದ್ದ. ಊರಿನ ಮುದುಕಿಯರಿಗೆ ಪಾಪ ಅನಿಸುತ್ತಿತ್ತು. ತೂಬಿನ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಎಂಟನೆಯ ವರ್ಷ ಕಟ್ಟೆಯ ದಿನಕ್ಕೆ ಎರಡು ದಿನ ಮುಂಚೆ ಕಾಟಯ್ಯನಿಗೆ ಗಂಟಲು ಕಟ್ಟಿತು. ಸುದ್ದಿ ಕೇಳಿ ಕೆಳಗೇರಿಗಿಂತ ಹೆಚ್ಚು ಗಾಬರಿಯಾದದ್ದು ದೊರೆಗೆ. ಕೂಡಲೇ ಸಂಗರಸನನ್ನು ಕರೆಸಿದ.

"ಈ ಜೇನಿನ ಜಾಡಿ, ಕಾಳುಮೆಣಸು ಕಾಟಯ್ಯನಿಗೆ ಮುಟ್ಟಿಸು. ಅವನ ಬಾಯಿ ಬಿದ್ದುಹೋದರೆ ನನ್ನ ಗತಿಯೇನು?"

ಅಪ್ಪಣೆ ಎಂದ ಸಂಗರಸ, ಜಾಡಿ ಹೊತ್ತುಕೊಂಡು ನೆಟ್ಟಗೆ ಕೆಳಗೇರಿಗೆ ಹೋದ. ಕಾಟಯ್ಯ ಕಂಬಳಿ ಹೊದ್ದು ಕೂತು, ಈ ಸಲದ ಬೈಗುಳಗಳನ್ನು ಮೆಲುದನಿಯಲ್ಲಿ ಉರುಹೊಡೆಯುತ್ತಿದ್ದ. ಜೇನು ನೋಡಿ ಮುಖ ಅರಳಿತು. ಯಾವ ಪುಣ್ಯಾತ್ಮ ಕಳಿಸಿದ್ದು ಎಂದು ಕೇಳಿದ.

"ನೀನು ಬೈಯೋದು ಯಾರನ್ನೋ, ಅವರೇ" ಎಂದ ಸಂಗರಸ.

ಕಾಟಯ್ಯ ನೆಕ್ಕುತ್ತಿದ್ದ ಬೆರಳು ಬಾಯಲ್ಲೇ ಉಳಿಯಿತು. ತನ್ನ ಮಾತು ದೊರೆಯ ಎದೆಗೆ ಈಟಿ ಎಂದು ಏಳು ವರ್ಷ ನಂಬಿದ್ದವನು ಪಾಪ. ಕೊನೆಗೆ ನೆಲ ನೋಡುತ್ತಾ, "ಹಂಗಾದ್ರೆ ನಾನು ಅರಮನೇಗೆ ದುಡೀತಿದ್ನೇನಪ್ಪಾ?" ಎಂದ.

ಸಂಬಳವಿಲ್ಲದೆ ಎಂದು ಸಂಗರಸ ಸೇರಿಸಿದ. ಆಮೇಲೆ ಕಲ್ಲಿನ ಆ ಪಾಚಿ ಹಿಡಿದ ಸಾಲನ್ನು ನೆನಪಿಸಿದ. ಅದು ತನಗೂ ಗೊತ್ತಿತ್ತು, ಆದರೆ ಚಪ್ಪಾಳೆ ಬೀಳುವಾಗ ಕೇಳೋದಕ್ಕೆ ಹೊತ್ತೆಲ್ಲಿತ್ತು ಎಂದು ಕಾಟಯ್ಯ ಒಪ್ಪಿಕೊಂಡ. ಒಪ್ಪಿಕೊಳ್ಳಲು ಅವನಿಗೆ ಬಹಳ ಕಷ್ಟವಾಯಿತು.

ಕಟ್ಟೆಯ ದಿನ ಜನ ಕಿಕ್ಕಿರಿದಿದ್ದರು. ದೊರೆ ಕಣ್ಣೊರೆಸಲು ಹೊಸ ವಸ್ತ್ರ ಹಿಡಿದು ಕೂತಿದ್ದ. ಸಂಗರಸ ಬಟ್ಟಲು ತೇಲಿಬಿಟ್ಟ. ಕಾಟಯ್ಯ ಕಟ್ಟೆ ಹತ್ತಿ ಕೈಮುಗಿದು, "ತೂಬು ಯಾಕೆ ಮುಚ್ಚಿಸಿದ್ದೀರಿ ಬುದ್ಧಿ? ಕಾರಣ ಹೇಳಿ, ಇಲ್ಲ ತೆಗೆಸಿ" ಎಂದು ಹೇಳಿ ಅಲ್ಲೇ ಕೂತುಬಿಟ್ಟ.

ಜನ ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು. ದೊರೆ ಮಂತ್ರಿಯ ಕಡೆ ನೋಡಿದ, ಮಂತ್ರಿ ಆಕಾಶದ ಕಡೆ ನೋಡಿದ. ದೋಣಿಯಾಟಕ್ಕೆ ಎನ್ನಲು ದೊರೆಗೆ ನಾಲಿಗೆ ಹೊರಳಲಿಲ್ಲ. ಸುಳ್ಳು ಹೇಳೋಣವೆಂದರೆ ಕೊಳ ಎದುರಿಗೇ ಇತ್ತು, ಅದರಲ್ಲಿ ಹಂಸ ಕತ್ತೆತ್ತಿಕೊಂಡು ತೇಲುತ್ತಲೂ ಇತ್ತು. ಅರ್ಧ ಬಟ್ಟಲು ತುಂಬಿತು.

ಬೈಯಬಾರದೇನೋ ಕಾಟಯ್ಯ ಎಂದು ದೊರೆ ಮೆಲ್ಲಗೆ ಕೆಣಕಿದ. ಕಾಟಯ್ಯ ತುಟಿ ಬಿಚ್ಚಲಿಲ್ಲ. ಬೈಯುವ ಆಸೆಗೆ ಅವನ ಗಂಟಲ ನರ ಉಬ್ಬಿತ್ತು, ಆದರೂ ಬಿಚ್ಚಲಿಲ್ಲ. ಆಗ ದೊರೆಗೆ ಸಿಟ್ಟು ನೆತ್ತಿಗೇರಿತು. ಅಯೋಗ್ಯ ಎಂದ, ಹೊಲಸು ಬಾಯಿಯವನೇ ಎಂದ, ಕಾಟಯ್ಯನ ಅಪ್ಪನನ್ನು ಎಳೆದುತಂದ, ಅಜ್ಜನನ್ನು ತಂದ. ಜನಕ್ಕೆ ಇಷ್ಟು ವರ್ಷ ಪಾಪ ಅನಿಸುತ್ತಿದ್ದ ದೊರೆ ಈಗ ಬೇರೆ ಥರ ಕಂಡ. ಮುದುಕಿಯೊಬ್ಬಳು, ಕೇಳಿದ್ದು ಒಂದು ಮಾತು, ಅದಕ್ಕೆ ಇಷ್ಟೊಂದಾ ಎಂದಳು. ದೊರೆ ಕಾಟಯ್ಯನ ಮುತ್ತಜ್ಜನನ್ನು ಹಿಡಿಯುವ ಹೊತ್ತಿಗೆ ಕೊಪ್ಪರಿಗೆಯಲ್ಲಿ ಬುಳುಕ್ ಎಂದಿತು.

"ಮುಳುಗಿತು ಪ್ರಭು" ಎಂದ ಸಂಗರಸ.

ದೊರೆ ಸಿಂಹಾಸನಕ್ಕೆ ಒರಗಿದ. ಗಂಟಲು ಒಡೆದುಹೋಗಿತ್ತು. ಅಜ್ಜನ ಕಲ್ಲು ಎದುರಿಗಿತ್ತು, ಸಾವಿರ ಜನವೂ ಇದ್ದರು. ತೂಬು ತೆಗೆಸಲು ಕೈಸನ್ನೆ ಮಾಡಿ, ಸಂಗರಸನನ್ನು ಹತ್ತಿರ ಕರೆದು, ನಾನು ಕಳಿಸಿದ್ದು ಜೇನು, ನೀನು ಬೇರೆ ಏನನ್ನೋ ಮುಟ್ಟಿಸಿದ್ದೀಯೆ ಎಂದ.

ಮುಟ್ಟಿಸಿದ್ದು ಜೇನೇ, ಯಾರದೆಂದು ಕಾಟಯ್ಯ ಕೇಳಿದ, ಪ್ರಭುಗಳ ಹೆಸರು ಮರೆಮಾಚಲು ಅಪ್ಪಣೆಯಿರಲಿಲ್ಲ ಎಂದು ಸಂಗರಸ ಕೈಮುಗಿದ.

"ಬೈಗುಳ ಯಾವತ್ತೂ ನನ್ನ ಪಕ್ಷದಲ್ಲೇ ಇತ್ತಲ್ಲೋ. ಇವತ್ತೇನಾಯಿತು ಅದಕ್ಕೆ?"

"ಅದಕ್ಕೆ ಪಕ್ಷವಿಲ್ಲ ಪ್ರಭು. ಏಳು ವರ್ಷ ಅವರು ಬೈದರು, ನೀರು ತಮ್ಮ ಕೊಳದಲ್ಲಿ ನಿಂತಿತು. ಇವತ್ತು ತಾವು ಬೈದಿರಿ, ನೀರು ಅವರ ಗದ್ದೆಗೆ ಹೊರಟಿತು. ನಾನು ಬಟ್ಟಲು ಕಾಯುವವನು, ಯಾರು ಬೈದರೂ ಮುಳುಗುವುದು ಬೈದವರ ಬಟ್ಟಲೇ."

ಅತ್ತ ತೆಗೆದ ತೂಬಿನ ಕಡೆಗೆ ಕೊಳದ ನೀರು ಇಳಿಯುತ್ತಾ ಹಂಸ ಕೆಸರಿನಲ್ಲಿ ಪಕ್ಕಕ್ಕೆ ವಾಲಿತು. ಅದನ್ನು ನೋಡಿ ದೊರೆಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಬೆರಳಲ್ಲಿದ್ದ ಉಂಗುರ ತೆಗೆದು ಸಂಗರಸನ ಅಂಗೈಗೆ ಹಾಕಿದ. ಆಮೇಲೆ ಒಡೆದ ದನಿಯಲ್ಲಿ ಕೇಳಿದ:

"ಆ ಜಾಡಿಯಲ್ಲಿ ಜೇನು ಏನಾದರೂ ಉಳಿದಿದೆಯೇನೋ?"